ನಾಲ್ಕನೇ ಹಾಳೆಯ ಮರ

ನನ್ನ ಕೆಲಸ ಗೆರೆ ಎಳೆಯುವುದು. ಒಂದು ಕಾಡನ್ನೋ ಸರೋವರವನ್ನೋ ಬೆಟ್ಟವನ್ನೋ ನಿಸರ್ಗದ ಪರಂಪರೆ ಎಂದು ಗುರುತಿಸಿ ಕಾಪಾಡಬೇಕೆಂದು ಹತ್ತು ಜನ ಸೇರಿ ತೀರ್ಮಾನಿಸುತ್ತಾರೆ. ಆಮೇಲೆ ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಯಾರಾದರೂ ಹೇಳಬೇಕಲ್ಲ, ಆ ಯಾರಾದರೂ ನಾನು. ನೈರೋಬಿಯಲ್ಲಿ, ಮುಥೈಗಾ ದಾಟಿ ರುಂಡಾ ಕಡೆಗೆ ಹೋಗುವಾಗ ಸಿಗುವ ಒಂದು ಕಚೇರಿಯಲ್ಲಿ ಕೂತು ಈವರೆಗೆ ಏಳೆಂಟು ದೇಶಗಳ ನೆಲದ ಮೇಲೆ ಗೆರೆ ಎಳೆದಿದ್ದೇನೆ. ಅವುಗಳಲ್ಲಿ ಎರಡು ಜಾಗಗಳನ್ನು ಬಿಟ್ಟರೆ ಉಳಿದವನ್ನು ಕಣ್ಣಿಂದ ನೋಡಿಲ್ಲ. ಹೀಗೆಂದರೆ ಜನ ಹುಬ್ಬೇರಿಸುತ್ತಾರೆ. ಎಕ್ಸ್‌ರೇ ನೋಡುವ ಡಾಕ್ಟರು ರೋಗಿಯ ಮನೆಗೆ ಹೋಗಿ ಊಟ ಮಾಡಿ ಬರಬೇಕೇ ಎಂದು ನಾನು ತಿರುಗಿ ಕೇಳುತ್ತೇನೆ.

ಆ ವರ್ಷ ನನ್ನ ಮೇಜಿಗೆ ಬಂದದ್ದು ಇದೇ ದೇಶದ ಕರಾವಳಿಯ ಒಂದು ತುಂಡು. ಸುಣ್ಣಕಲ್ಲಿನ ಬಂಡೆಗೋಡೆ, ನೇರವಾಗಿ ಕಡಲಿಗೆ ಇಳಿದದ್ದು. ಕಡತದಲ್ಲಿದ್ದ ಚಿತ್ರಗಳನ್ನು ನೋಡಿದರೆ ಯಾರಾದರೂ ಒಂದು ಕ್ಷಣ ಸುಮ್ಮನಾಗುವಂಥ ಜಾಗ, ಒಪ್ಪುತ್ತೇನೆ. ಒಂದು ಕಾಲಕ್ಕೆ ನೀರಿನೊಳಗೆ ಬೆಳೆದ ಹವಳವೇ ಗಟ್ಟಿಯಾಗಿ, ಕಡಲು ಹಿಂದೆ ಸರಿದ ಮೇಲೆ ಹೊರಗೆ ಉಳಿದ ಗೋಡೆ ಅದು. ಕಲ್ಲಿನ ಮೈತುಂಬ ಚಿಪ್ಪುಗಳ, ಹವಳದ ಕೊಂಬೆಗಳ ಅಚ್ಚು ಹಾಗೇ ಇದೆ. ಕೆಳಗಿನಿಂದ ಅಲೆಗಳು ಗೋಡೆಯ ಬುಡವನ್ನು ಕೊರೆದು ಕೊರೆದು ಒಳಗೆ ಹೋಗಿವೆ, ಮೇಲಿನ ಅಂಚು ಮನೆಯ ಸಜ್ಜದ ಹಾಗೆ ಮುಂದೆ ಚಾಚಿಕೊಂಡಿದೆ. ಗೋಡೆಯ ಬಿರುಕುಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ, ಗುಹೆಗಳಲ್ಲಿ ಬಾವಲಿಗಳಿವೆ. ಎಲ್ಲಿಯ ಗೋಡೆ ಎಂದು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾರಣವಿದೆ, ಓದುತ್ತಾ ಹೋದರೆ ತಿಳಿಯುತ್ತದೆ.

ನಮ್ಮ ಕಸುಬಿನಲ್ಲಿ ಇಂಥ ಗೋಡೆಯ ಕುರಿತು ಒಂದು ವಿಚಿತ್ರವಿದೆ. ನಾವು ನಕ್ಷೆ ಮಾಡುವುದು ನೆತ್ತಿಯ ಮೇಲಿನಿಂದ ನೋಡಿ. ಉಪಗ್ರಹ ತೆಗೆದ ಚಿತ್ರದಲ್ಲಿ ನೆಲ ಕಾಣುತ್ತದೆ, ನೀರು ಕಾಣುತ್ತದೆ, ನಡುವೆ ನೇರ ನಿಂತ ಗೋಡೆ ಕಾಣುವುದಿಲ್ಲ. ಐದಾರು ಅಂತಸ್ತಿನ ಕಟ್ಟಡದಷ್ಟು ಎತ್ತರದ ಬಂಡೆಯಾದರೂ ಹಾಳೆಯ ಮೇಲೆ ಅದು ಪೆನ್ಸಿಲಿನ ಒಂದು ಗೆರೆ ಅಷ್ಟೆ. ಅದರ ಗೂಡು, ಗುಹೆ, ಬಿರುಕು, ಬೇರು ಎಲ್ಲ ಆ ಗೆರೆಯ ದಪ್ಪದೊಳಗೆ ಅಡಗಿಹೋಗುತ್ತವೆ. ಯಾವುದನ್ನು ಕಾಪಾಡಬೇಕೆಂದು ಇಷ್ಟೆಲ್ಲ ಮಾಡುತ್ತೇವೋ ಅದಕ್ಕೇ ನಕ್ಷೆಯಲ್ಲಿ ಅಗಲವಿಲ್ಲ. ಇದು ನನಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ಕೆಲಸ ಬೇಗ ಮುಗಿಯುತ್ತದಲ್ಲ ಎಂದು ಖುಷಿಯೂ ಆಗಿತ್ತು.

ಕಡತಕ್ಕೆ ಒಟ್ಟು ಆರು ಹಾಳೆ. ನಾಲ್ಕನೆಯದು ಪ್ರವೇಶದ ದಾರಿಗಳದ್ದು. ಅದರ ನಿಯಮ ಸರಳ: ಗೋಡೆಯ ಮೇಲಿನಿಂದ ಕೆಳಗೆ ಇಳಿಯಲು ಆ ಹಾಳೆಯಲ್ಲಿ ಗುರುತಿಸಿದ ದಾರಿಗಳಷ್ಟೇ ತೆರೆದಿರುತ್ತವೆ, ಉಳಿದ ಯಾವ ದಾರಿಯಲ್ಲೂ ಯಾರೂ ಹತ್ತಿ ಇಳಿಯುವಂತಿಲ್ಲ. ಕಡಲಿನ ಇಳಿತದ ವೇಳೆಯಲ್ಲಿ ಊರಿನವರು ಗೋಡೆಯ ಕೆಳಗೆ ತೆರೆದುಕೊಳ್ಳುವ ಹವಳದ ದಿಬ್ಬದ ಮೇಲೆ ನಡೆದು ಕೈಯಿಂದ ಏನಾದರೂ ಹಿಡಿದುಕೊಂಡರೆ ಅದಕ್ಕೆ ಅಡ್ಡಿಯಿಲ್ಲ. ಅಡ್ಡಿಯೆಲ್ಲ ಗೋಡೆಗೆ. ನಾನು ಗುರುತಿಸಿದ್ದು ಎರಡೇ ದಾರಿ. ಎರಡೂ ದೊಡ್ಡ ಹೋಟೆಲುಗಳ ಪಕ್ಕದವು. ನಮ್ಮ ತಂಡದವರು ಊರಿಗೆ ಹೋಗಿ, ಚಹಾದಂಗಡಿಯಲ್ಲಿ ಕೂತ ಗಂಡಸರನ್ನು ಬೇರೆ ದಾರಿ ಇದೆಯೇ ಎಂದು ಕೇಳಿ, ಇಲ್ಲ ಎಂಬ ಉತ್ತರ ಬರೆದುಕೊಂಡು ಬಂದಿದ್ದರು.

ಒಂದು ಸೋಮವಾರ ಬೆಳಿಗ್ಗೆ ನಾನು ಆ ಹಾಳೆಯ ದೊಡ್ಡ ಪ್ರತಿಯನ್ನು ಸುರುಳಿ ಸುತ್ತಿಕೊಂಡು ಕಚೇರಿಗೆ ಹೊರಟಿದ್ದೆ. ವಾರಾಂತ್ಯಕ್ಕೆ ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿ ತಿದ್ದುವುದು ನನ್ನ ಅಭ್ಯಾಸ. ನಮ್ಮ ಮನೆ ಹೈರಿಡ್ಜ್‌ನಲ್ಲಿ, ಮೂರನೇ ಮಹಡಿ. ಕೆಳಗೆ ಬರುವಷ್ಟರಲ್ಲಿ ಮಳೆ ಸುರಿಯಿತು, ಸುರುಳಿಯ ಒಂದು ತುದಿ ನೆನೆಯಿತು. ಗೇಟಿನ ಕಾವಲುಗಾರರು ಓಡಿ ಬಂದು ನನ್ನ ಕೈಯಿಂದ ಅದನ್ನು ಕಸಿದುಕೊಂಡೇ ತಮ್ಮ ಗೂಡಿನೊಳಗೆ ಒಯ್ದರು. ಅವರಿಗೆ ಐವತ್ತು ದಾಟಿದೆ. ನಾನು ಅವರನ್ನು 'ಮ್ಜೀ' ಎನ್ನುತ್ತೇನೆ, ಇಲ್ಲಿ ಹಿರಿಯರನ್ನು ಕರೆಯುವುದು ಹಾಗೆ. ಅವರು ನನ್ನನ್ನು 'ಮಾಮಾ' ಎನ್ನುತ್ತಾರೆ, ಅಂದರೆ ಅಮ್ಮ. ಕರಾವಳಿಯವರು ಎಂದಷ್ಟೇ ಗೊತ್ತಿತ್ತು. ಅವರ ಸ್ವಾಹಿಲಿ ನಮ್ಮ ನೈರೋಬಿಯ ಸ್ವಾಹಿಲಿಯ ಹಾಗೆ ಕಲ್ಲೆಸೆಯುವುದಿಲ್ಲ. ಹೇಗಿದ್ದೀರಿ ಎಂದು ಕೇಳುವುದಕ್ಕೇ ಅವರಿಗೆ ಐದು ವಾಕ್ಯ ಬೇಕು, ಬೆಳಿಗ್ಗೆ ಕ್ಯಾಬ್ ಕಾಯುತ್ತಿರುವಾಗ ನನಗೆ ಅದು ಸ್ವಲ್ಪ ಜಾಸ್ತಿಯೇ.

ಹಾಳೆಯನ್ನು ಒಣಗಲೆಂದು ಮೇಜಿನ ಮೇಲೆ ಬಿಡಿಸಿದರು. ಸಂದರ್ಶಕರ ಪುಸ್ತಕ ಹಾರದಂತೆ ಇಟ್ಟಿದ್ದ ಒಂದು ಬಿಳಿಗಲ್ಲನ್ನು ಎತ್ತಿ ಅದರ ಮೂಲೆಗೆ ಇಟ್ಟರು. ಹಲಸಿನ ಸಿಪ್ಪೆಯ ಹಾಗೆ ಮೈಯೆಲ್ಲ ಮುಳ್ಳುಮುಳ್ಳಾದ ಕಲ್ಲು. ದಿನಾ ನೋಡುತ್ತಿದ್ದೆ, ಏನೆಂದು ಕೇಳಿರಲಿಲ್ಲ. ಆಮೇಲೆ ಹಾಳೆಯ ಕಡೆ ಬಾಗಿ, ಅದನ್ನು ಅರ್ಧ ಸುತ್ತು ತಿರುಗಿಸಿ ಕಡಲನ್ನು ತಮ್ಮ ಎದುರಿಗೆ ಬರುವಂತೆ ಇಟ್ಟುಕೊಂಡರು. ಕಡಲು ಸೇರುವ ಒಂದು ತೊರೆಯ ಬಾಯಿಯ ಮೇಲೆ ಬೆರಳಿಟ್ಟು, ಅಲ್ಲಿಂದ ಗೋಡೆಯ ಗೆರೆಯ ಮೇಲೆ ಮೆಲ್ಲಗೆ ನಡೆಸಿಕೊಂಡು ಬಂದರು. ಒಂದು ಕಡೆ ನಿಂತರು.

"ಇದು ನಮ್ಮೂರು, ಮಾಮಾ," ಎಂದರು. ಅವರ ಸ್ವಾಹಿಲಿಯನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಮೆಟ್ಟಿಲು ಎಲ್ಲಿ?"

"ಯಾವ ಮೆಟ್ಟಿಲು?"

"ನಮ್ಮಕ್ಕ ಇಳಿಯೋ ಮೆಟ್ಟಿಲು."

ಮಳೆ ನಿಲ್ಲುವವರೆಗೆ ಅವರು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಗೋಡೆಯ ಅಂಚಿನಲ್ಲಿ ಒಂದು ದೊಡ್ಡ ಕಾಡು ಅತ್ತಿಮರ ಇದೆ. ಅದರ ಬುಡದಲ್ಲಿ, ಬೇರುಗಳ ನಡುವೆ, ಕಲ್ಲಿನಲ್ಲಿ ತಾನಾಗಿ ಆದ ಒಂದು ಬಾವಿಯಂಥ ರಂಧ್ರ. ಅದರೊಳಗೆ ಕಡಿದ ಮೆಟ್ಟಿಲುಗಳಿವೆ, ಮೆಟ್ಟಿಲಿಲ್ಲದ ಕಡೆ ಬೇರು ಹಿಡಿದು ಇಳಿಯಬೇಕು. ಕೆಳಗೆ ಗುಹೆ, ಗುಹೆಯ ಬಾಯಿಗೇ ಕಡಲು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಇಳಿತದಲ್ಲಿ ಊರಿನ ಹೆಂಗಸರು ಅಲ್ಲಿಂದ ಇಳಿದು ಆಕ್ಟೋಪಸ್ ಹಿಡಿಯಲು ಹೋಗುತ್ತಾರೆ. ಗಂಡಸರು ತೊರೆಯಿಂದ ದೋಣಿಯಲ್ಲಿ ಹೋಗುವವರು, ಆ ಮೆಟ್ಟಿಲು ತುಳಿಯುವುದಿಲ್ಲ, ಅದರ ಮಾತೂ ಆಡುವುದಿಲ್ಲ. ಗಂಡುಮಕ್ಕಳಿಗೆ ಹಾಲುಹಲ್ಲು ಬೀಳುವವರೆಗೆ ಮಾತ್ರ ಅಲ್ಲಿ ಇಳಿಯಲು ಅನುಮತಿ. ಇವರೂ ಅಲ್ಲಿಯವರೆಗೆ ಅಕ್ಕನ ಲಂಗ ಹಿಡಿದುಕೊಂಡು ಇಳಿದಿದ್ದರು. ಕಾಗದದ ಮೇಲಿನ ಬಿಳಿಗಲ್ಲು ಆಗ ತಂದದ್ದು.

"ಭಾವ ಹೋದ ಮೇಲೆ ಅಕ್ಕನ ಒಲೆ ಉರಿದದ್ದು ಆ ಮೆಟ್ಟಿಲಿನಿಂದಲೇ," ಎಂದರು. "ಹೋಟೆಲಿನ ದಾರಿ ಹಿಡಿದರೆ ನಡೆಯೋಕೇ ಎರಡು ಗಂಟೆ. ಅಷ್ಟರಲ್ಲಿ ನೀರು ವಾಪಸ್ ಬರುತ್ತೆ. ಮೆಟ್ಟಿಲು ಹಾಕಿ, ಮಾಮಾ."

ನನಗೆ ಬಂದದ್ದು ಕನಿಕರ ಅಲ್ಲ, ಸಿಟ್ಟು. ಕಡತ ಶುಕ್ರವಾರ ಮುಚ್ಚಬೇಕಿತ್ತು. ಒಂದು ವರ್ಷದ ಕೆಲಸ, ಮೂರು ತಪಾಸಣೆ ಮುಗಿದಿದೆ, ಈಗ ಗೇಟಿನಲ್ಲಿ ಒಬ್ಬರು ನನ್ನ ಹಾಳೆಯನ್ನು ತಿರುಗಿಸಿ ಇಟ್ಟುಕೊಂಡು ತಪ್ಪು ಹುಡುಕುತ್ತಿದ್ದಾರೆ. ತಪ್ಪು ಇದ್ದದ್ದು ನಿಜ ಎಂದು ತಿಳಿದದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಮರದ ತಲೆ ನನ್ನ ಉಪಗ್ರಹದ ಚಿತ್ರದಲ್ಲಿತ್ತು, ಹಸಿರು ಚುಕ್ಕೆಯಾಗಿ. ಅದರ ಕೆಳಗೆ ಏನಿದೆ ಎಂದು ನಾನು ಕೇಳಿಕೊಂಡಿರಲಿಲ್ಲ. ಮೇಲಿನಿಂದ ಕಾಣದ್ದು ಇಲ್ಲ ಎಂದುಕೊಳ್ಳುವುದು ನಮ್ಮ ಕಸುಬಿನವರೇ ಮಾಡುವ ತಪ್ಪು. ಗಂಡಸರನ್ನಷ್ಟೇ ಕೇಳಿ ಬರುವ ತಪ್ಪಿಗೆ ಮಾತ್ರ ಕಸುಬಿನ ಹಂಗಿಲ್ಲ.

ನಮ್ಮ ಮೇಲಧಿಕಾರಿ ಮಂಗಳೂರು ಕಡೆಯವರು. ಮನೆಯಲ್ಲಿ ಹೆಂಡತಿಯ ಹತ್ತಿರ ಕೊಂಕಣಿ, ಕಚೇರಿಯಲ್ಲಿ ಇಂಗ್ಲಿಷ್, ನಾನೊಬ್ಬಳೇ ಸಿಕ್ಕಿದರೆ ಕನ್ನಡ. ಒಳ್ಳೆಯ ಮನುಷ್ಯ, ಆದರೆ ಕಾಗದ ಇಲ್ಲದೆ ಸೂರ್ಯ ಹುಟ್ಟಿದ್ದನ್ನೂ ಒಪ್ಪುವವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದರು.

"ಎಂತ ಮಾರಾಯ್ರೆ, ವಾಚ್‌ಮನ್ ಹೇಳಿದ ಅಂತ ಶೀಟ್ ಬದಲಾಯಿಸ್ಲಿಕ್ಕೆ ಆಗ್ತದಾ? ಎವಿಡೆನ್ಸ್ ಎಂತ ಉಂಟು?"

"ಸದ್ಯಕ್ಕೆ ಏನೂ ಇಲ್ಲ ಸರ್."

"ಮೆಟ್ಟಿಲಿನ ಫೋಟೋ ಒಂದು, ಲೊಕೇಶನ್ ಒಂದು. ಶುಕ್ರವಾರದ ಒಳಗೆ ಬಂದ್ರೆ ಹಾಕುವ. ಇಲ್ಲದಿದ್ರೆ ಹೀಗೇ ಹೋಗ್ತದೆ. ನನಗೇನು ಆ ಹೆಂಗಸರ ಮೇಲೆ ದ್ವೇಷವಾ?"

ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಸಂಜೆ ಗೇಟಿನಲ್ಲಿ ಮ್ಜೀಗೆ ತಿಳಿಸಿದೆ. ಅವರು ಅಕ್ಕನಿಗೆ ಫೋನು ಮಾಡಿ, ಕ್ಷೇಮಸಮಾಚಾರದ ಹತ್ತು ಸುತ್ತು ಮುಗಿಸಿ, ವಿಷಯ ಹೇಳಿದರು. ಆಕೆ ಉಳಿದವರನ್ನು ಕೇಳಬೇಕು ಎಂದಳು. ಕೇಳುವುದಕ್ಕೆ ಏನಿದೆ ಎಂದು ನನಗೆ ತೋರಿತು. ಉಪಕಾರ ಮಾಡಲು ಹೊರಟವರಿಗೆ ಬರುವ ಆ ಅಸಹನೆ ನನಗೂ ಬಂತು, ಮುಚ್ಚಿಡುವುದಿಲ್ಲ.

ಬುಧವಾರ ಉತ್ತರ ಬಂತು. ಮ್ಜೀ ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲೆ, ಆ ಬಿಳಿಗಲ್ಲಿನ ಪಕ್ಕ ಇಟ್ಟರು. ರಸ್ತೆಯಲ್ಲಿ ಒಂದು ಮಟಾಟು ವ್ಯಾನು ಹಾಡು ಹಚ್ಚಿಕೊಂಡು ಜನರನ್ನು ತುಂಬಿಸುತ್ತಿತ್ತು, ಅದು ಹೋಗುವವರೆಗೆ ಕಾದೆವು.

"ಆ ಕಾಗದವನ್ನು ಯಾರು ಯಾರು ನೋಡುತ್ತಾರೆ, ತಂಗಿ?" ಆಕೆಯ ದನಿ ವಯಸ್ಸಾದವರದು, ಆದರೆ ನಡುಗುತ್ತಿರಲಿಲ್ಲ.

"ಯಾರು ಬೇಕಾದರೂ ನೋಡಬಹುದು."

"ಹಾಗಾದರೆ ಫೋಟೋ ಬೇಡ. ಮೆಟ್ಟಿಲನ್ನೂ ಬರೆಯಬೇಡ. ಬರೆದರೆ ಹೋಟೆಲಿನವರು ಜನರನ್ನು ಕರೆದುಕೊಂಡು ಬರುತ್ತಾರೆ. ನಾವು ಇಳಿಯುವುದನ್ನು ಮೇಲಿನಿಂದ ನಿಂತು ನೋಡುತ್ತಾರೆ. ಒಳಗೆ ನಮ್ಮ ಅಜ್ಜಿಯರು ಹರಕೆಗೆ ಇಟ್ಟ ಮಡಿಕೆಗಳಿವೆ. ಬೇಡ."

"ಬರೆಯದಿದ್ದರೆ ನಿಮ್ಮನ್ನೇ ಇಳಿಯಲು ಬಿಡುವುದಿಲ್ಲ ಅಕ್ಕಾ. ಗಾರ್ಡ್ ಬರುತ್ತಾನೆ."

"ಅದೂ ಆಗಬಾರದು. ನಾವು ಇಳಿಯಬೇಕು, ಬೇರೆಯವರಿಗೆ ಕಾಣಬಾರದು. ಬರೆಯುವವಳು ನೀನಲ್ಲವೇ?"

ಅಷ್ಟು ಹೇಳಿ, ನನ್ನ ಮನೆಯವರಿಗೆಲ್ಲ ಸಲಾಮು ತಿಳಿಸಿ, ಫೋನಿಟ್ಟಳು. ನನಗೆ ಮೈಯುರಿಯಿತು. ಎರಡೂ ಹೇಗಾಗುತ್ತದೆ? ಕಾಗದದ ಮೇಲೆ ಒಂದು ದಾರಿ ಇರುತ್ತದೆ, ಇಲ್ಲವೇ ಇರುವುದಿಲ್ಲ. ಮ್ಜೀ ನನ್ನ ಮುಖ ನೋಡಿ ಚಹಾ ಮಾಡಿಕೊಟ್ಟರು. ಕುಡಿದು ಮೇಲೆ ಹೋದೆ. ನಾನು ಮಾಡುವಷ್ಟು ಮಾಡಿದೆ, ಇನ್ನು ಕೈ ತೊಳೆದುಕೊಂಡರಾಯಿತು ಎಂದು ಅಡುಗೆ ಮಾಡುತ್ತಾ ಮೂರು ನಾಲ್ಕು ಸಲ ಅಂದುಕೊಂಡೆ. ಒಂದು ಸಲಕ್ಕೆ ನಂಬಿಕೆ ಬಂದಿದ್ದರೆ ಮತ್ತೆ ಮತ್ತೆ ಅಂದುಕೊಳ್ಳಬೇಕಾಗಿರಲಿಲ್ಲ.

ಆದರೂ ಒಂದು ಕೆಲಸ ಮಾಡಿದೆ. ಮೆಟ್ಟಿಲು ಬೇಡ, ಮರ ಎಲ್ಲಿದೆ ಎಂದಾದರೂ ತಿಳಿಸಿ, ನನಗೆ ಮಾತ್ರ, ಎಂದು ಮ್ಜೀ ಮೂಲಕ ಹೇಳಿ ಕಳಿಸಿದೆ. ನನ್ನ ಚಿತ್ರದ ಹಸಿರು ಚುಕ್ಕೆಯೇ ಆ ಮರವೇ ಎಂದು ಖಚಿತ ಮಾಡಿಕೊಳ್ಳುವ ಚಟ, ಅಷ್ಟೆ. ಅದಕ್ಕೆ ಆಕೆ ಒಪ್ಪಿದಳು. ಮರುದಿನ ಅಮಾವಾಸ್ಯೆ, ಬೆಳಿಗ್ಗೆ ದೊಡ್ಡ ಇಳಿತ, ಹೇಗೂ ಹೋಗುತ್ತೇವೆ, ಮೊಮ್ಮಗಳು ಫೋನಿನಲ್ಲಿ ಕಳಿಸುತ್ತಾಳೆ ಎಂದಳು.

ಗುರುವಾರ ನಾನು ಮನೆಯಿಂದಲೇ ಕೆಲಸ ಮಾಡಿದೆ. ಒಂಬತ್ತಕ್ಕೆ ಫೋನು ಟಿಣ್ ಎಂದಿತು. ನಕ್ಷೆಯ ಮೇಲೆ ಒಂದು ನೀಲಿ ಚುಕ್ಕಿ, ಗೋಡೆಯ ಅಂಚಿನತ್ತ ಮೆಲ್ಲಗೆ ಸರಿಯುತ್ತಿತ್ತು. ಕಳಿಸಿದ ಜಾಗದ ಗುರುತು ಯಾಕೆ ಸರಿಯುತ್ತಿದೆ ಎಂದು ತಿಳಿಯಲಿಲ್ಲ. ಶಾಲೆಗೆ ರಜೆಯೆಂದು ಮಗಳು ಸೋಫಾದ ಮೇಲೆ ಬಿದ್ದುಕೊಂಡಿದ್ದಳು. ಫೋನು ತೋರಿಸಿದೆ.

"ಅಮ್ಮಾ, ಶೀ ಹ್ಯಾಸ್ ಸೆಂಟ್ ಲೈವ್ ಲೊಕೇಶನ್. ಯೂ ಕ್ಯಾನ್ ಸೀ ಹರ್ ವಾಕಿಂಗ್."

"ನಿಲ್ಲಿಸು ಅಂತ ಹೇಳ್ಲಾ? ಹಿಂಗೆ ಹಿಂದೆ ಹಿಂದೆ ನೋಡೋದು ಸರಿಯಲ್ಲ."

"ಡೋಂಟ್ ಲುಕ್ ದೆನ್."

ನೋಡದೆ ಇರಲು ಆಗಲಿಲ್ಲ. ಚುಕ್ಕಿ ಹಸಿರಿನ ಮೇಲೆ ಬಂದು ನಿಂತಿತು. ನಾನು ಗುರುತಿಸಿದ್ದ ಮರವೇ. ಸರಿ, ಇನ್ನು ಇಳಿಯುತ್ತಾರೆ ಎಂದುಕೊಂಡು ಕೆಲಸಕ್ಕೆ ಕೂತೆ. ಕಾಲು ಗಂಟೆ ಬಿಟ್ಟು ನೋಡಿದರೂ ಚುಕ್ಕಿ ಅಲ್ಲೇ ಇತ್ತು. ಮಾತಾಡುತ್ತಾ ನಿಂತಿರಬೇಕು. ಹತ್ತು ಗಂಟೆಗೂ ಅಲ್ಲೇ. ಇಳಿತ ಮುಗಿದೇಹೋಗುತ್ತದೆ, ಏನು ಹರಟೆ ಇವರದು ಎಂದು ಇಲ್ಲಿ ಕೂತು ನನಗೇ ಚಡಪಡಿಕೆ. ಹತ್ತೂವರೆಗೂ ಅಲ್ಲೇ ಇದ್ದಾಗ ಬೇರೆ ಯೋಚನೆ ಬಂತು. ಆ ಬಾವಿಯಂಥ ರಂಧ್ರ, ಬೇರು ಹಿಡಿದು ಇಳಿಯುವ ಮುದುಕಿ, ಮಳೆಗಾಲದ ಪಾಚಿ. ಯಾರಾದರೂ ಜಾರಿ ಬಿದ್ದು, ಉಳಿದವರು ಸುತ್ತ ನಿಂತಿದ್ದಾರೆಯೇ? ಮೊಮ್ಮಗಳ ನಂಬರಿಗೆ ಕರೆ ಮಾಡಿದೆ, ಹೋಗಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಏಳೆಂಟು ದೇಶಗಳ ಹಾಳೆಗಳ ಮೇಲೆ ಕೆಲಸ ಮಾಡುವಾಗ ಎಂದೂ ಆಗದ ಹೆದರಿಕೆ, ಏಕೆಂದರೆ ಆ ಹಾಳೆಗಳಲ್ಲಿ ನನಗೆ ಪರಿಚಯದವರು ಯಾರೂ ಇರಲಿಲ್ಲ.

ಕೆಳಗೆ ಹೋಗಿ ಮ್ಜೀಗೆ ಫೋನು ತೋರಿಸಿದೆ. ಅವರು ಕಾರೊಂದಕ್ಕೆ ಗೇಟು ತೆಗೆದು, ಮುಚ್ಚಿ, ಕೈ ಒರೆಸಿಕೊಂಡು ಬಂದು ನೋಡಿದರು.

"ಇಳಿದಿದ್ದಾರೆ, ಮಾಮಾ. ಕೆಳಗೆ ನೆಟ್‌ವರ್ಕ್ ಇಲ್ಲ. ಗೋಡೆ ಅಡ್ಡ ಬರುತ್ತೆ. ನೀರು ವಾಪಸ್ ಬರೋವರೆಗೆ ಮೇಲೆ ಬರಲ್ಲ."

"ಮರದ ಹತ್ತಿರವೇ ನಿಂತಿದೆಯಲ್ಲ?"

"ನಿಮ್ಮ ಫೋನಿಗೆ ಅಷ್ಟೇ ಗೊತ್ತು."

ನಾನು ಅಲ್ಲೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆ. ಹನ್ನೆರಡು ಗಂಟೆಯ ಹೊತ್ತಿಗೆ ಮ್ಜೀ ಅವರ ಫೋನು ಬಡಿದುಕೊಂಡಿತು. ಅಕ್ಕ. ಹತ್ತಿ ಬಂದೆವು, ಇವತ್ತು ಚೆನ್ನಾಗಿ ಸಿಕ್ಕಿತು, ಚುಕ್ಕಿ ಬಂತೇ ಎಂದು ಕೇಳಿದಳು. ನನ್ನ ಕೈಯಲ್ಲಿದ್ದ ಫೋನಿನಲ್ಲಿ ನೀಲಿ ಚುಕ್ಕಿ ಒಂದು ಸಲ ಅಲ್ಲಾಡಿ, ಊರಿನ ಕಡೆ ಹೊರಟಿತು. ಮೂರು ಗಂಟೆಯ ಕಾಲ ಅವರು ಬಂಡೆಯೊಳಗೆ ಇಳಿದು, ಗುಹೆ ದಾಟಿ, ದಿಬ್ಬದ ಮೇಲೆ ಅಷ್ಟು ದೂರ ನಡೆದು, ಮತ್ತೆ ಹತ್ತಿ ಬಂದಿದ್ದರು. ನಕ್ಷೆಯ ಲೆಕ್ಕದಲ್ಲಿ ಮರದ ಬುಡದಿಂದ ಒಂದು ಹೆಜ್ಜೆಯೂ ಕದಲಿರಲಿಲ್ಲ. ನನಗೆ ನಗು ಬಂತು. ಅಷ್ಟು ಜೋರಾಗಿ ನಕ್ಕೆ ಎಂದರೆ ಮ್ಜೀ ಗಾಬರಿಯಾಗಿ ನೀರು ಕೊಟ್ಟರು.

ಆ ಮಧ್ಯಾಹ್ನ ನಾಲ್ಕನೇ ಹಾಳೆಯನ್ನು ತೆರೆದು ಒಂದು ಕಾಲುದಾರಿ ಬರೆದೆ. ಊರಿನಿಂದ ಹೊರಟು ಅತ್ತಿಮರದ ಬುಡಕ್ಕೆ ಬಂದು ಅಲ್ಲಿಗೇ ಮುಗಿಯುವ ದಾರಿ. ಮರಕ್ಕೆ ಒಂದು ಸಣ್ಣ ಹಸಿರು ವೃತ್ತ. ಆ ಹಾಳೆಯ ಅಳತೆಯಲ್ಲಿ ವೃತ್ತದ ಒಳಗೆ ಮರವೂ, ರಂಧ್ರವೂ, ಮೆಟ್ಟಿಲುಗಳೂ, ಗುಹೆಯೂ ಒಟ್ಟಿಗೆ ಹಿಡಿಸುತ್ತಿದ್ದವು, ಒಂದರ ಮೇಲೊಂದು ನಿಂತವಲ್ಲ. ಪಕ್ಕದಲ್ಲಿ ಬರೆದೆ: ಸ್ಥಳೀಯ ಮಹಿಳೆಯರ ಸಾಂಪ್ರದಾಯಿಕ ಬಳಕೆಯ ಮರ, ಗುರುತಿನ ಒಳಗೆ ಅವರಿಗೆ ಪ್ರವೇಶ ಮುಕ್ತ. ಬರೆಯುವ ಮೊದಲು ಮ್ಜೀ ಮೂಲಕ ಕೇಳಿಸಿದ್ದೆ, ಮರದ ಹತ್ತಿರ ಏನಾದರೂ ಮಾಡುತ್ತೀರಾ ಎಂದು. ಇಳಿಯುವ ಮೊದಲು ಬುಡಕ್ಕೆ ಗುಲಾಬಿ ನೀರು ಚಿಮುಕಿಸುತ್ತೇವೆ, ಬಟ್ಟೆಯ ಚೂರು ಕಟ್ಟುತ್ತೇವೆ ಎಂದು ಹೇಳಿ ಕಳಿಸಿದ್ದಳು. ಆದ್ದರಿಂದ ನಾನು ಬರೆದದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ, ಅದು ನನಗೆ ಗೊತ್ತು. ಯಾವ ದೋಷದಿಂದ ಮೆಟ್ಟಿಲು ನನಗೆ ಕಾಣಲಿಲ್ಲವೋ ಅದೇ ದೋಷದೊಳಗೆ ಈಗ ಅದನ್ನು ಬೇಕೆಂದೇ ಇಟ್ಟೆ. ಸ್ವಲ್ಪ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಶುಕ್ರವಾರ ಮೇಲಧಿಕಾರಿಗಳು ಹಾಳೆ ನೋಡಿದರು. ಬೆರಳು ನೇರವಾಗಿ ಹೊಸ ದಾರಿಯ ಮೇಲೆ ಹೋಯಿತು.

"ಇದು ಎಲ್ಲಿಗೆ ಹೋಗ್ತದೆ?"

"ಮರಕ್ಕೆ ಸರ್."

"ಮರಕ್ಕೆ ಹೋಗಿ ಮತ್ತೆ?"

"ಹೆಂಗಸರು ಗುಲಾಬಿ ನೀರು ಹಾಕ್ತಾರೆ, ಬಟ್ಟೆ ಕಟ್ತಾರೆ. ಮೆಟ್ಟಿಲಿನ ಫೋಟೋ ಸಿಗಲಿಲ್ಲ, ಅದನ್ನ ಹಾಕಿಲ್ಲ. ಮರ ಮಾತ್ರ ಸ್ಯಾಟಲೈಟ್ ಇಮೇಜಲ್ಲೇ ಇದೆ, ನೋಡಿ."

ಅವರು ಚಿತ್ರ ನೋಡಿದರು, ಹಾಳೆ ನೋಡಿದರು, ಪೆನ್ನು ಕೆಳಗಿಟ್ಟರು. ಮುಗಿಯಿತು ಎಂದುಕೊಂಡೆ.

"ನಾಗಬನದ ಹಾಗೆ," ಎಂದರು. "ಸಣ್ಣವ ಇರುವಾಗ ನಮ್ಮ ಕಂಪೌಂಡಿನ ಆಚೆ ಒಂದು ನಾಗಬನ ಇತ್ತು. ನಾವು ಕ್ರಿಶ್ಚಿಯನ್ನರು, ನಮಗೆ ಅದರದ್ದು ಎಂತ? ಆದ್ರೂ ನನ್ನ ಹೊಸ ಚೆಂಡು ಅದರೊಳಗೆ ಬಿದ್ದಾಗ ಅಪ್ಪ ತೆಗಿಲಿಕ್ಕೆ ಬಿಡ್ಲಿಲ್ಲ. ಇನ್ನೊಂದು ಚೆಂಡು ತಂದುಕೊಟ್ರು. ಅದಕ್ಕೆ ಹೋಗುವ ದಾರಿ ಯಾರದ್ದು ಅಂತ ಊರಲ್ಲಿ ಯಾರೂ ಕೇಳ್ತಿರ್ಲಿಲ್ಲ."

ಸಹಿ ಹಾಕಿದರು. ಬೇರೆ ಯಾವ ದೇಶದವರು ಆ ಕುರ್ಚಿಯಲ್ಲಿದ್ದರೂ ಒಂದು ಮರದವರೆಗೆ ಹೋಗಿ ನಿಲ್ಲುವ ದಾರಿಗೆ ನಾಲ್ಕು ಪುಟದ ವಿವರಣೆ ಕೇಳುತ್ತಿದ್ದರು. ಕಡತ ಆ ಸಂಜೆಯೇ ಹೋಯಿತು.

ಮುಂದಿನ ವರ್ಷ ಗೋಡೆಯ ಉದ್ದಕ್ಕೂ ಫಲಕಗಳು ಬಂದವು, ಗಾರ್ಡುಗಳು ಬಂದರು. ಫಲಕ ಬಂದ ಮೇಲಿನ ಮೊದಲ ಅಮಾವಾಸ್ಯೆಗೆ ನಾನು ಬೆಳಿಗ್ಗೆಯಿಂದ ಎರಡು ಸಲ ಸುಮ್ಮಸುಮ್ಮನೆ ಗೇಟಿಗೆ ಹೋಗಿ ಬಂದೆ. ಮಧ್ಯಾಹ್ನ ಮ್ಜೀ ಅಕ್ಕನ ಸುದ್ದಿ ಹೇಳಿದರು. ಮರದ ಹತ್ತಿರ ಗಾರ್ಡ್ ಒಬ್ಬ ತಡೆದನಂತೆ. ಎಲ್ಲಿಗೆ ಎಂದು ಕೇಳಿದ, ಮರಕ್ಕೆ ಎಂದರು. ಟ್ಯಾಬಿನಲ್ಲಿ ಹಾಳೆ ತೆಗೆದು ನೋಡಿದ, ದಾರಿ ಇತ್ತು, ಪಕ್ಕಕ್ಕೆ ಸರಿದ. ಗುಲಾಬಿ ನೀರಿನ ಬಾಟಲಿ ತೆಗೆದಾಗ ಅವನೂ ಮರಕ್ಕೆ ಬೆನ್ನು ತಿರುಗಿಸಿ ದೂರ ಹೋಗಿ ನಿಂತ. ಅವನದೂ ಕರಾವಳಿಯೇ. ಹನ್ನೊಂದು ಹೆಂಗಸರು ಇಳಿದರು, ಹನ್ನೊಂದೂ ಜನ ಹತ್ತಿ ಬಂದರು.

ಅದಾಗಿ ಒಂದು ವಾರಕ್ಕೆ ಮೊಂಬಾಸಾ ಬಸ್ಸಿನಲ್ಲಿ ನನಗೊಂದು ಪೊಟ್ಟಣ ಬಂತು. ಒಣಗಿಸಿದ ಆಕ್ಟೋಪಸ್, ಹಳೆಯ ಪತ್ರಿಕೆಯಲ್ಲಿ ಸುತ್ತಿ, ತೆಂಗಿನ ನಾರಿನಿಂದ ಕಟ್ಟಿದ್ದು. ನಾನು ಮೈಸೂರಿನ ಸೊಪ್ಪುಸಾರಿನ ಮನೆಯವಳು, ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಬಾಲ್ಕನಿಯಲ್ಲಿಟ್ಟರೂ ಮನೆಯೆಲ್ಲ ಕಡಲಿನ ವಾಸನೆ. ಮಗಳು ಮೂಗು ಹಿಡಿದುಕೊಂಡು ಓಡಾಡಿದಳು. ಮ್ಜೀಗೆ ಕೊಡಲು ಹೋದರೆ, ಅಕ್ಕ ನನಗೂ ಕಳಿಸಿದ್ದಾಳೆ, ಇದು ನಿಮ್ಮದೇ ಎಂದು ಕೈ ಜೋಡಿಸಿದರು. ಎಸೆಯುವ ಮಾತೇ ಇರಲಿಲ್ಲ. ಕೊನೆಗೆ ಕಚೇರಿಗೆ ಒಯ್ದು ಮೇಲಧಿಕಾರಿಗಳ ಮೇಜಿನ ಮೇಲಿಟ್ಟೆ.

ಅವರು ನಾರು ಬಿಚ್ಚಿ, ಪತ್ರಿಕೆ ಬಿಡಿಸಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡರು.

"ದೇವರೇ. ಎಲ್ಲಿಂದ ಬಂತು ಇದು?"

"ನಾಲ್ಕನೇ ಹಾಳೆಯ ಮರದ ಹತ್ತಿರದಿಂದ ಸರ್."

ಅವರು ಕಣ್ಣು ತೆರೆದರು. ನನ್ನನ್ನು ನೋಡಿದರು, ಪೊಟ್ಟಣವನ್ನು ನೋಡಿದರು.

"ಮರದಲ್ಲಿ ಬಿಡ್ತದಾ ಇದು?"

ಅವತ್ತು ಕೇಳಿದ ಎವಿಡೆನ್ಸ್ ಒಂದು ವರ್ಷ ತಡವಾಗಿ ಅವರ ಮೇಜಿನ ಮೇಲೆ ಬಂದು ಕೂತಿತ್ತು. ಅವರು ಬಯಸಿದರೆ ಆ ಹಾಳೆಯನ್ನು ವಾಪಸ್ ತರಿಸಬಹುದಿತ್ತು, ಆ ಅಧಿಕಾರ ಅವರಿಗಿತ್ತು. ತಂದು ತಪ್ಪು ಮಾಡಿದೆನೇ, ಬಾಯಿಗೆ ಹಾಕಿದ ಬೀಗವನ್ನು ನಾನೇ ತೆಗೆದೆನೇ ಎಂದುಕೊಂಡೆ. ಅವರು ಪತ್ರಿಕೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿದರು. ನಾರನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಪೊಟ್ಟಣವನ್ನು ತಮ್ಮ ಚೀಲಕ್ಕೆ ಇಳಿಸಿದರು.

"ನನ್ನ ಆ ಚೆಂಡು ಈಗಲೂ ಬನದಲ್ಲೇ ಉಂಟು," ಎಂದರು.

ಆಮೇಲೆ ಇನ್ನೊಂದು ದೇಶದ ಸರೋವರದ ಕಡತ ತೆಗೆದು ನನ್ನ ಮುಂದೆ ಇಟ್ಟರು. ಆ ಮರದ ಬಗ್ಗೆ ಅವರು ಮತ್ತೆ ಏನೂ ಕೇಳಿಲ್ಲ. ಇದನ್ನು ಬರೆಯಲೇ ಎಂದು ಮ್ಜೀ ಮೂಲಕ ಅಕ್ಕನನ್ನು ಕೇಳಿದಾಗ, ಬರೆಯಲಿ, ಆದರೆ ಊರು ತಿಳಿಯಬಾರದು ಎಂದಳು. ತಿಳಿಯದಂತೆ ಬರೆದಿದ್ದೇನೆ. ಮರವೂ ಅತ್ತಿಮರವಲ್ಲ.